ನಾಲ್ಕು ಬೆರಳು ಕೆಳಗೆ

ರಾಘು, ಹೊಸನಗರದ ಫೈನಲ್‌ನಲ್ಲಿ ತಪ್ಪಿದ್ದು ನಿನ್ನ ಕೈಯಲ್ಲ. ನಾನು ನಿನಗೆ ಚೆಂಡನ್ನು ಕೆಳಗೆ ಕೊಟ್ಟೆ — ಬೇಕೆಂದೇ ಕೊಟ್ಟೆ. ಇಷ್ಟು ಹೇಳಲು ನನಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ನಡುವೆ ಎಷ್ಟೋ ಸಲ ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡಿದ್ದೇನೆ. ಮಾತು ನುಂಗುವುದರಲ್ಲಿ ನಾನು ಮೊದಲಿನಿಂದಲೂ ಜಾಣ, ನಿನಗೇ ಗೊತ್ತಲ್ಲ.

ಇದನ್ನು ಬೇರೆಯವರೂ ಓದಲಿ ಎಂದು ಬರೆಯುತ್ತಿದ್ದೇನೆ, ಹಾಗಾಗಿ ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ. ವಾಲಿಬಾಲ್‌ನಲ್ಲಿ ನಾನು ಲಿಫ್ಟರ್ — ನೆಟ್ಟಿನ ಪಕ್ಕ ನಿಂತು ಚೆಂಡನ್ನು ಎತ್ತಿಕೊಡುವವನು. ನೀನು ಅದನ್ನು ಹಾರಿ ಹೊಡೆಯುವವನು. ಜನ ಶಿಳ್ಳೆ ಹಾಕುವುದು ಹೊಡೆದವನಿಗೆ. ಎತ್ತಿಕೊಟ್ಟವನ ಮುಖ ಮನೆಗೆ ಹೋಗುವಷ್ಟರಲ್ಲಿ ಮರೆತಿರುತ್ತದೆ. ಅದು ನನಗೆ ಬೇಸರ ತರುತ್ತಿರಲಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಸುಳ್ಳು. ತರುತ್ತಿತ್ತು.

ಆದರೂ ಆ ದಿನಗಳು ಎಷ್ಟು ಚೆನ್ನಾಗಿದ್ದವು ಮಾರಾಯ! ಸಾಗರದ ಕಾಲೇಜಿಗೆ ನಾನು ಅರಳಸುರಳಿಯಿಂದ ಬಂದವನು, ನೀನು ಬ್ಯಾಕೋಡಿನಿಂದ. ರಜೆ ಬಂದರೆ ಹಿನ್ನೀರು ದಾಟಿಸುವ ಲಾಂಚ್ ಹತ್ತಿ ನಿನ್ನೂರಿಗೆ ಬಂದುಬಿಡುತ್ತಿದ್ದೆ. ಹಿನ್ನೀರು ಇಳಿದ ಬಯಲಲ್ಲಿ ಕಂಬ ನೆಟ್ಟು, ಮೀನಿನ ಹಳೆಯ ಬಲೆಯನ್ನೇ ನೆಟ್ಟಾಗಿ ಕಟ್ಟಿ ಸಂಜೆಯವರೆಗೆ ಆಡುತ್ತಿದ್ದೆವು. ಚೆಂಡು ನೀರಿಗೆ ಬಿದ್ದರೆ ಈಜುವ ಸರದಿ ಯಾವಾಗಲೂ ನನ್ನದೇ. “ಕೊಟ್ಟವ್ನೇ ತರ್ಬೇಕು ಮಾರಾಯ” ಎಂದು ನೀನು ದಡದಲ್ಲಿ ಕೂತು ಕಡಲೆ ತಿನ್ನುತ್ತಿದ್ದೆ. ಆ ಬಯಲಲ್ಲೇ ಅಲ್ಲವೇ ನೀನು ಚೆಂಡನ್ನು ನೋಡದೆ ನನ್ನ ಕೈ ನೋಡಿ ಹಾರಲು ಕಲಿತದ್ದು? ಚೆಂಡು ನನ್ನ ಬೆರಳು ಬಿಡುವ ಮೊದಲೇ ನಿನ್ನ ಕಾಲು ನೆಲ ಬಿಟ್ಟಿರುತ್ತಿತ್ತು. ಅಷ್ಟು ನಂಬಿಕೆ ನನ್ನ ಮೇಲೆ ಬೇರೆ ಯಾರೂ ಇಟ್ಟಿರಲಿಲ್ಲ, ಆಮೇಲೂ ಇಟ್ಟಿಲ್ಲ.

ಹೊಡೆತ ತಪ್ಪಿದರೆ ನೀನು ನನ್ನ ಕಡೆ ತಿರುಗಿ ಬಲಗೈ ಎತ್ತುತ್ತಿದ್ದೆ — ತಪ್ಪು ನಂದು ಎಂದು. ಯಾರೂ ಹೇಳಿಕೊಟ್ಟದ್ದಲ್ಲ, ಅದು ನಿನ್ನದೇ ಪದ್ಧತಿ.

ಆಮೇಲೆ ನಮ್ಮ ಕಡೆಗೂ ಲೀಗ್ ಬಂತು. ಅನುಕೂಲಸ್ಥರು ಹರಾಜಿನಲ್ಲಿ ಆಟಗಾರರನ್ನು ಕೊಂಡು ತಂಡ ಕಟ್ಟುವುದು, ನಾವು ಅವರ ಹೆಸರು ಬೆನ್ನಿಗೆ ಹಾಕಿಕೊಂಡು ಆಡುವುದು. ನಾವಿಬ್ಬರೂ ಬಸ್ ಮಾಲೀಕ ಶಾಂತಪ್ಪನವರ ತಂಡಕ್ಕೆ ಬಂದೆವು. ಅವರ ಬಸ್ಸಿನಲ್ಲೇ ಸಾಗರ, ಹೊಸನಗರ, ತೀರ್ಥಹಳ್ಳಿ ಸುತ್ತಾಟ. ಬಸ್‌ಸ್ಟ್ಯಾಂಡ್ ಹೋಟೆಲುಗಳಲ್ಲಿ ಬನ್ಸ್ ಖಾಲಿಯಾಗುವವರೆಗೂ ತಿಂದು, ತಿರುವುಗಳಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದೆವು. ಕೊಂಡುಕೊಂಡವರು ನಮ್ಮನ್ನು ಏನು ಬೇಕಾದರೂ ಮಾಡಬಹುದು ಎನ್ನುವುದು ಆಗ ತಲೆಗೇ ಹೋಗಿರಲಿಲ್ಲ.

ತೀರ್ಥಹಳ್ಳಿಯ ಪಂದ್ಯದಲ್ಲಿ ನಮ್ಮ ತಂಡದ ಹುಲಿಕಲ್ಲಿನ ಸತೀಶ — ನೆಟ್ಟಿನ ಮೇಲೆ ನಮಗೆ ಗೋಡೆಯಂತಿದ್ದವನು — ಎದುರಿನವನ ಪಾದದ ಮೇಲೆ ಇಳಿದು ಮಂಡಿ ತಿರುಚಿಕೊಂಡ. ಆಪರೇಷನ್ ಆಗಬೇಕು ಎಂದರು ಡಾಕ್ಟರು. ಶಾಂತಪ್ಪನವರು, “ಆಟ ಅಂದ್ಮೇಲೆ ಬೀಳೂದು ಏಳೂದು ಇದ್ದಿದ್ದೇ” ಎಂದು ಅವನನ್ನು ಬಸ್ಸು ಹತ್ತಿಸಿ ಮನೆಗೆ ಕಳಿಸಿದರು. ಮರುದಿನ ಅವನ ಜಾಗಕ್ಕೆ ಬೇರೊಬ್ಬ ಬಂದಿದ್ದ, ಸತೀಶನದೇ ಅಂಗಿ ಹಾಕಿಕೊಂಡು.

ನಾವೆಲ್ಲ ಸುಮ್ಮನಿದ್ದೆವು. ನೀನು ಸುಮ್ಮನಿರಲಿಲ್ಲ. ಆಡುವಾಗ ಪೆಟ್ಟಾದರೆ ಗುಣವಾಗುವವರೆಗೆ ಮಾಲೀಕರೇ ನೋಡಿಕೊಳ್ಳಬೇಕು, ಸತೀಶನಿಂದಲೇ ಶುರುವಾಗಬೇಕು, ಇಲ್ಲದಿದ್ದರೆ ಫೈನಲ್‌ಗೆ ಇಳಿಯುವುದಿಲ್ಲ ಎಂದೆ. ಎದುರು ತಂಡದವರೂ ನಿನ್ನ ಜೊತೆ ನಿಂತರು. ಹೊಸನಗರದ ಮೈದಾನದ ಅಂಚಿನಲ್ಲಿ ಎಲ್ಲರೂ ಚೆಂಡಿನ ಮೇಲೆ ಕೈ ಇಟ್ಟು, ಒಟ್ಟಿಗೇ ನಿಲ್ಲುತ್ತೇವೆ ಎಂದು ಮಾತು ಕೊಟ್ಟೆವು. ನಿನ್ನ ಕೈ ಕೆಳಗಿತ್ತು, ಅದರ ಮೇಲೆ ನನ್ನದು — ಈಗಲೂ ಆ ಬಿಸಿ... ಇರಲಿ.

ಮಾಲೀಕರು ಬಗ್ಗಿದಂತೆ ಕಂಡರು. “ಆಡಿ, ಮುಗಿದ ಕೂಡ್ಲೆ ಎಲ್ರೂ ಕೂತು ತೀರ್ಮಾನ ಮಾಡಣ” ಎಂದರು. ನೀನು ನಂಬಿದೆ. ಎಲ್ಲರೂ ಬೂಟು ಕಟ್ಟಿಕೊಳ್ಳುವಾಗ ಶಾಂತಪ್ಪನವರು ನನ್ನನ್ನು ಬಸ್ಸಿನ ಹಿಂದೆ ಕರೆದರು.

“ಉಮೇಶ, ಕಪ್ ಹೋದ್ರೆ ಹೋಗ್ಲಿ. ಇವತ್ತು ಅವ್ನು ಮಿಂಚಬಾರ್ದು. ಜನ ಅವ್ನ ಹಿಂದೆ ಇರೋ ತನಕ ಅವ್ನ ಮಾತಿಗೆ ಬೆಲೆ. ಹೆಂಗೆ ಅಂತ ನಿಂಗೇ ಬಿಟ್ಟಿದ್ದು.” ಮುಂದಿನ ವರ್ಷ ನಾನೇ ಕ್ಯಾಪ್ಟನ್, ಸಾಗರದ ಬಸ್ ಆಫೀಸಿನಲ್ಲಿ ಕಾಯಂ ಕೆಲಸ ಎಂದೂ ಸೇರಿಸಿದರು.

ಹೆಂಗೆ ಎಂದು ಅವರು ಹೇಳಲಿಲ್ಲ, ರಾಘು. ಅವರಿಗೆ ಗೊತ್ತೂ ಇರಲಿಲ್ಲ. ನಾಲ್ಕು ಬೆರಳು ಕೆಳಗೆ ಕೊಟ್ಟರೆ ಸಾಕು ಎಂದು ಕಂಡುಹಿಡಿದವನು ನಾನೇ. ಅಷ್ಟು ಕೆಳಗೆ ಬಂದರೆ ಹಾರಿದವನಿಗೆ ಕೊಟ್ಟವನು ತಪ್ಪಿದ ಎನಿಸುವುದಿಲ್ಲ, ತಾನೇ ತಡವಾಗಿ ಹಾರಿದೆ ಎನಿಸುತ್ತದೆ. ನಿನ್ನನ್ನು ಅಷ್ಟು ಬಲ್ಲವನು ಬೇರೆ ಯಾರಿದ್ದರು?

ಮೊದಲ ಹೊಡೆತ ನೆಟ್ಟಿಗೆ ಬಡಿಯಿತು. ನೀನು ತಿರುಗಿ ಕೈ ಎತ್ತಿದೆ. ಮತ್ತೊಂದು — ಮತ್ತೆ ಕೈ ಎತ್ತಿದೆ. ನಿನ್ನ ಹೆಸರು ಕೂಗುತ್ತಿದ್ದ ಜನವೇ ನಗಲು ಶುರುಮಾಡಿದರು. ಕೆಂಪು ಧೂಳು ಮೆತ್ತಿದ ಮುಖದಲ್ಲಿ ನೀನು ನನ್ನ ಹತ್ತಿರ ಬಂದು, “ತಪ್ಪು ನಂದು ಮಾರಾಯ, ನೀ ಸರಿಯಾಗೇ ಕೊಡ್ತಿದೀಯ. ಇವತ್ತೆಂತಾಗಿದ್ಯೋ ನಂಗೆ” ಎಂದೆ. ಆಗಲಾದರೂ ನಿಲ್ಲಿಸಬಹುದಿತ್ತು. ನಾನು ನಿನ್ನ ಬೆನ್ನು ತಟ್ಟಿದೆ. ಬೆನ್ನು ತಟ್ಟಿ ಮತ್ತೆ ಕೆಳಗೇ ಕೊಟ್ಟೆ.

ಆಟ ಮುಗಿದ ಮೇಲೆ ಮಾಲೀಕರು ಕೂತರು, ಹೇಳಿದಂತೆಯೇ. “ನೆಟ್ ದಾಟ್ಸಕ್ಕಾಗ್ದವ್ನು ನಮ್ಗೆ ಷರತ್ತು ಹಾಕ್ತಾನಾ?” ಎಂದು ಯಾರೋ ನಕ್ಕರು. ನಮ್ಮ ಹುಡುಗರು ಒಬ್ಬೊಬ್ಬರೇ ಎದ್ದು ಹೋದರು. ನೀನು ತಲೆ ತಗ್ಗಿಸಿ ಕೂತಿದ್ದೆ. ನಾಚಿಕೆಯಿಂದ ಬೇಡಿಕೆ ಬಿಟ್ಟುಕೊಟ್ಟೆ ನೀನು, ನಿನ್ನದಲ್ಲದ ನಾಚಿಕೆಯಿಂದ. ಮುಂದಿನ ಹರಾಜಿನಲ್ಲಿ ನಿನ್ನ ಹೆಸರು ಬಂದಾಗ ಯಾರೂ ಬೆಲೆ ಕೂಗಲಿಲ್ಲ. ಸತೀಶನ ಆಪರೇಷನ್ ಆಗಲೇ ಇಲ್ಲ. ಅವನು ಈಗಲೂ ಮೆಟ್ಟಿಲನ್ನು ಪಕ್ಕಕ್ಕೆ ತಿರುಗಿ ಇಳಿಯುತ್ತಾನಂತೆ. ನಾನು ಕ್ಯಾಪ್ಟನ್ ಆದೆ. ಬಸ್ ಆಫೀಸಿನ ಕುರ್ಚಿಯಲ್ಲಿ ಇವತ್ತಿಗೂ ಕೂತಿದ್ದೇನೆ.

ಇನ್ನೂ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಕಳೆದ ವಾರ ಸಾಗರದಲ್ಲಿ ಹೈಸ್ಕೂಲು ಹುಡುಗಿಯರ ಪಂದ್ಯವಿತ್ತು, ನಾನು ಅಂಪೈರ್. ನಿಮ್ಮೂರ ತಂಡದ ಹುಡುಗಿಯೊಬ್ಬಳು ಹೊಡೆತ ತಪ್ಪಿದಾಗ ಲಿಫ್ಟರ್ ಕಡೆ ತಿರುಗಿ ಬಲಗೈ ಎತ್ತಿದಳು. ನನ್ನ ಸೀಟಿ ಬಾಯಲ್ಲೇ ಉಳಿಯಿತು. ಆಟ ಮುಗಿದ ಮೇಲೆ ಕೇಳಿದೆ, ಯಾರಮ್ಮ ಇದನ್ನು ಕಲಿಸಿದ್ದು ಎಂದು.

“ರಾಘು ಮಾಸ್ಟ್ರು ಸರ್. ದಿನಾ ಸಂಜೆ ಬಾಡಿಗೆ ಓಡ್ಸೋ ಗಾಡಿ ನಿಲ್ಸಿ ಬಂದು ಕಲಿಸ್ತಾರೆ” ಎಂದಳು. ನನ್ನ ಹೆಸರು ಕೇಳಿ ಅವಳ ಕಣ್ಣು ಅರಳಿತು. “ಅಯ್ಯೋ, ನೀವೇನಾ ಅದು? ನಿಮ್ ಬಗ್ಗೆ ಯಾವಾಗ್ಲೂ ಹೇಳ್ತಾರೆ ಸರ್. ನನ್ ಲಿಫ್ಟರ್ ಒಂದಿನಾನೂ ತಪ್ಪಿದವ್ನಲ್ಲ, ಫೈನಲ್ಲಲ್ಲಿ ಕೆಡ್ಸಿದ್ದು ನಾನೇ ಅಂತಾರೆ.”

ಇಷ್ಟು ವರ್ಷ ನೀನು ಕೈ ಎತ್ತಿಕೊಂಡೇ ಇದ್ದೀಯಲ್ಲ ರಾಘು. ಮಕ್ಕಳ ಮುಂದೆಯೂ.

ಲಾಂಚಿನ ದಾರಿಗೆ ಈಗ ಸೇತುವೆಯಾಗಿದೆ. ದಾಟಲು ಲಾಂಚ್ ಸಿಗಲಿಲ್ಲ ಎನ್ನುವ ನೆಪವೂ ಇಲ್ಲ. ಶನಿವಾರ ಹುಲಿಕಲ್ಲಿಗೆ ಹೋಗಿ ಸತೀಶನಿಗೆ ಹೇಳುತ್ತೇನೆ. ಭಾನುವಾರ ಸಂಜೆ ನೀನು ಆಡಿಸುತ್ತಿರುವಾಗ ನಿನ್ನ ಮೈದಾನಕ್ಕೆ ಬರುತ್ತೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನೀನು ಮಾತಾಡಿಸದಿದ್ದರೂ ಸರಿ, ಹೊರಗಟ್ಟಿದರೂ ಸರಿ. ಆ ಹುಡುಗಿಯರೆಲ್ಲ ನೋಡುವಂತೆ ನೆಟ್ಟಿನ ಪಕ್ಕ, ನನ್ನ ಹಳೆಯ ಜಾಗದಲ್ಲಿ ನಿಂತು, ನಿನ್ನ ಕಡೆ ತಿರುಗಿ ಬಲಗೈ ಎತ್ತುತ್ತೇನೆ.