ದೋಣಿ ಓಡಿಸುವವನ ಅನ್ನ

ದತ್ತಿಯವರು ಎಂಬವರಿದ್ದಾರೆಂದು ಖೀರೋದಾ ಮೊದಲು ಕೇಳಿದ್ದು ಸುಂದರಬನದ ಆ ಊರಿನ ಕಟ್ಟೆಗೆ ಯಂತ್ರದ ದೋಣಿ ಬಂದ ದಿನ. ದತ್ತಿ ನಡೆಸುವ ಕಲ್ಕತ್ತೆಯ ಪುಣ್ಯವಂತರು ರೋಗಿಗಳನ್ನು ಸಾಗಿಸಲೆಂದು ಕೊಟ್ಟದ್ದಂತೆ. ತರಿಸಿದವಳು ಸುಷಮಾ. ಸೊಂಟದುದ್ದ ಉಪ್ಪುನೀರಿನಲ್ಲಿ ನಿಂತು ಸಿಗಡಿಮರಿ ಹಿಡಿದೇ ಬೆಳೆದವಳು, ಊರ ಹೆಂಗಸರನ್ನು ಕೂಡಿಸಿ ಸಂಘ ಕಟ್ಟಿದ್ದಳು. ಎಲ್ಲರೂ ದೋಣಿಯ ಮೈ ಸವರುತ್ತಿದ್ದಾಗ ಖೀರೋದಾಳ ಗಂಡ ನಿವಾರಣ ಬೀಡಿ ಕಚ್ಚಿಕೊಂಡೇ ಕೇಳಿದ: "ದೋಣಿ ಕೊಟ್ಟೋರು ಓಡ್ಸೋನಿಗೆ ಅನ್ನ ಕೊಡ್ತಾರೇನಮ್ಮಾ?"

ಜನ ನಕ್ಕರು. ಸುಷಮಾ ನಗಲಿಲ್ಲ.

ಮುಂದಿನ ಚೈತ್ರದಲ್ಲಿ ಖೀರೋದಾ ವಿಧವೆಯಾದಳು. ಹುಲಿಯ ಬಾಯಿಗೆ ಸಿಕ್ಕವನ ಹೆಂಡತಿಯೆಂದರೆ ಊರಿನ ಲೆಕ್ಕದಲ್ಲಿ ಗಂಡನನ್ನು ತಿಂದವಳೇ. ಅವಳ ಕೈನೀರನ್ನೂ ಊರು ಮುಟ್ಟಲಿಲ್ಲ. ಸುಷಮಾ ಒಬ್ಬಳು ಅವಳ ಜಗಲಿಯಲ್ಲಿ ಕೂತು, ಚಹಾ ಕೇಳಿ ಕುಡಿದು ಹೋಗುತ್ತಿದ್ದಳು.

ಆಮೇಲೆ ಗೋಲೋಕ ಎಂಬ ಚಾಲಕ ಸಿಕ್ಕಿದ. ಹಾವು ಕಚ್ಚಿದವರನ್ನು, ಬಸುರಿಯರನ್ನು ನದಿ ದಾಟಿಸಿದ. ಸಂಘ ಮನೆಮನೆಯ ಹಿಡಿಯಕ್ಕಿ ಎತ್ತಿ ಅವನನ್ನು ಸಾಕಿತು. ಹೆಂಡತಿ ಮಕ್ಕಳಾದ ಮೇಲೆ ಅದು ಸಾಲದಾಗಿ, ಅವನು ಕೇರಳದ ಕಟ್ಟಡ ಕೆಲಸಕ್ಕೆ ಗಂಟು ಕಟ್ಟಿದ. "ದತ್ತಿಯೋರು ಬರೋವರ್ಗೆ ನಿಲ್ಲೋ" ಎಂದು ಸುಷಮಾ ಕೈಹಿಡಿದು ಬೇಡಿ ನಿಲ್ಲಿಸಿಕೊಂಡಿದ್ದಳು.

ದತ್ತಿಯವರು ಬರುವುದೂ ಚೈತ್ರದಲ್ಲೇ, ಗಂಡಸರು ಜೇನಿಗೆ ಕಾಡು ಹೊಕ್ಕ ತಿಂಗಳಲ್ಲಿ. ಗಂಡಸರು ಮರಳುವತನಕ ಹೆಂಡತಿಯರು ತಲೆ ಬಾಚರು, ಹಗಲು ಒಲೆ ಹೊತ್ತಿಸರು, ಜಗಳದ ದನಿ ಎತ್ತರು. ತಪ್ಪಿದರೆ ಕಾಡಿನಲ್ಲಿದ್ದವರಿಗೆ ಕೇಡು. ಹಿಂದಿನ ಸಲ ಬಂದ ದತ್ತಿಯವರು ಕೆದರಿದ ತಲೆ, ತಣ್ಣನೆಯ ಒಲೆ, ತಗ್ಗಿಸಿದ ಮುಖ ನೋಡಿ, ಈ ಊರಿಗೆ ನಾವು ಬೇಕಾಗಿಲ್ಲ ಎಂದುಕೊಂಡು ಹೋಗಿದ್ದರು.

ಈ ಸಲ ಅವರು ಬರುವ ದಿನ ಬೆಳಿಗ್ಗೆಯೇ ಸುಷಮಾ ಖೀರೋದಾಳ ಮನೆಗೆ ಬಂದಳು. ಅವಳ ಗಂಡನೂ ಕಾಡಿನಲ್ಲಿದ್ದ.

"ದೀದಿ, ಹಗಲು ಬೆಂಕಿ ಹಚ್ಚೋಕೆ ಊರಲ್ಲಿ ನಿನಗೊಬ್ಬಳಿಗೇ ಅಡ್ಡಿಯಿಲ್ಲ. ಅನ್ನ, ಮೀನುಸಾರು ಮಾಡು."

"ನನ್ನ ಕೈಯಿಂದಾ? ಊರು ಸುಮ್ನಿರತ್ತಾ?"

"ಉಣ್ಣೋರು ಕಲ್ಕತ್ತೆಯೋರು. ಊರು ಮೂಸಿ ನೋಡ್ಲಿ."

ಹೊಗೆ ಎದ್ದದ್ದೇ ತಡ, ಪಕ್ಕದ ಮನೆಯ ಬಿಂದು ನೀರಿನ ಕೊಡ ಹೊತ್ತು ಓಡಿಬಂದಳು. ಅವಳ ಗಂಡ, ಮಗ ಇಬ್ಬರೂ ಕಾಡಿನಲ್ಲಿದ್ದರು. ಜಗಳ ಆಡುವಂತಿಲ್ಲವಲ್ಲ, ಬೆಲ್ಲ ಸವರಿದ ದನಿಯಲ್ಲಿ ಅಂದಳು: "ನಿನ್ನೋನನ್ನ ತಿಂದಾಯ್ತು, ನನ್ನೋರನ್ನೂ ನುಂಗ್ಬೇಕಾ? ಆರಿಸೇ, ನನ್ನ ಬಂಗಾರ."

ಸುಷಮಾಳೂ ಅಷ್ಟೇ ಮೆಲ್ಲಗೆ: "ಗೋಲೋಕ ಹೋದ್ಮೇಲೆ ನಿನ್ನ ಮಗನ್ನ ಹಾವು ಮುಟ್ಟಿದ್ರೆ, ಈ ಕೊಡದಲ್ಲಿ ಕೂರಿಸಿ ದಾಟಿಸ್ತೀಯಾ, ಕಾಕಿ?"

ಬಿಂದು ಎತ್ತಿದ ಕೊಡ ಎತ್ತಿದಂತೆಯೇ ನಿಂತಳು. ನದಿಯಿಂದ ದೋಣಿಯ ಸದ್ದು ಕೇಳಿಸಿತು. ಅವಳು ಕೊಡ ಇಳಿಸಿ, ಒಲೆಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ ಕಾಡಿನ ತಾಯಿ ಬನಬೀಬಿಯ ಹೆಸರು ಜಪಿಸುತ್ತ ಕೂತುಬಿಟ್ಟಳು.

ದತ್ತಿಯ ಹಿರಿಯ ಸಾನ್ಯಾಲ್ ಬಾಬು ಉಂಡು ಕೈತೊಳೆದರು. "ಇನ್ನೊಂದು ದೋಣಿ ಕೊಡೋಣ ಅಂತಿದೀವಿ. ಸಂಬಳ ಮಾತ್ರ ಕೇಳ್ಬೇಡಿ, ನಮ್ಮ ನಿಯಮದಲ್ಲಿಲ್ಲ."

ಬಾಗಿಲಲ್ಲಿದ್ದ ಗೋಲೋಕ, "ಹಂಗಾರೆ ನಾ ಹೊರಟೆ" ಎಂದ.

ಯಾರೂ ಕೇಳದೆಯೇ ಖೀರೋದಾ ಬಾಯಿ ತೆರೆದಳು.

"ಬಾಬು, ನನ್ನ ಗಂಡ ಕಾಡಿಂದ ಉಸಿರಿಟ್ಕೊಂಡೇ ಬಂದಿದ್ದ. ನಿಮ್ಮ ದೋಣಿ ಕಟ್ಟೇಲೇ ಇತ್ತು, ಹೊಳೀತಾ. ಆಗಿದ್ದ ಓಡ್ಸೋನು ಕೂಲಿ ಹುಡುಕ್ಕೊಂಡು ಹೋಗಿದ್ದ. ಹುಟ್ಟು ಹಾಕೋ ದೋಣಿ ಬರೋವರ್ಗೂ ಅಂತ ಅದರ ನೆರಳಲ್ಲೇ ಮಲಗಿಸಿದ್ವಿ. ಅಲ್ಲೇ ಹೋದ. ನೀವು ಇನ್ನೊಂದು ಕೊಟ್ರೆ ನೆರಳು ಅಗಲ ಆಗತ್ತೆ, ಅಷ್ಟೆ."

"ನಿಯಮ ಬರೆದೋರು ನಾವೇ ಅಲ್ವಾ" ಎಂದರು ಬಾಬು ಕೊನೆಗೆ. ಮೂರು ವರ್ಷ ಗೋಲೋಕನ ಸಂಬಳ, ಡೀಸೆಲ್ಲು ತಮ್ಮದೆಂದು ಮಾತು ಕೊಟ್ಟರು.

ಬಿಂದುವಿನ ಗಂಡ, ಮಗ ಮರಳುವತನಕ ಖೀರೋದಾ ಕಣ್ಣು ಮುಚ್ಚಲಿಲ್ಲ. ಮರಳಿದರು, ಡಬ್ಬಿ ತುಂಬ ಜೇನಿನೊಡನೆ. ಬಿಂದು ಒಂದು ಬಟ್ಟಲು ಜೇನನ್ನು ಖೀರೋದಾಳ ಜಗಲಿಯ ಮೇಲಿಟ್ಟು ಹೋದಳು.

ಮೂರನೆಯ ವರ್ಷದ ಮಳೆಗಾಲದಲ್ಲಿ ಸುಷಮಾಳಿಗೆ ಕಾಮಾಲೆ ಏರಿತು. ದೋಣಿಯಲ್ಲಿ ಮಲಗಿಸಿದಾಗ ಕಣ್ಣು ಅರಿಸಿನದಂತಿತ್ತು. ಉಬ್ಬರದ ನೀರು ಇಳಿಯತೊಡಗಿತ್ತು, ಗೋಲೋಕ ಅವಸರ ಮಾಡುತ್ತಿದ್ದ. ಅವಳು ಖೀರೋದಾಳ ಸೆರಗು ಬಿಡಲೇ ಇಲ್ಲ. ಕ್ಯಾನಿಂಗ್ ಎಂಬ ಪೇಟೆಯಾಚೆ ಖೀರೋದಾ ಎಂದೂ ಕಾಲಿಟ್ಟವಳಲ್ಲ, ಅದು ಸುಷಮಾಳಿಗೂ ಗೊತ್ತಿತ್ತು.

"ದೀದಿ, ದತ್ತಿಯೋರ ಮಾತು ಬರೋ ಚೈತ್ರಕ್ಕೆ ಮುಗಿಯತ್ತೆ. ನಾನಿಲ್ಲಾಂದ್ರೆ ಮರೀತಾರೆ. ನೀನು ಕಲ್ಕತ್ತೆಗೆ ಹೋಗು. ಅವ್ರ ಬಾಗಿಲಲ್ಲಿ ಕೂತ್ಕೋ. ಹೂಂ ಅನ್ನೋವರ್ಗೂ ಏಳ್ಬೇಡ. ಹೋಗ್ತೀಯಾ?"