ಜರಿಗಿಡದ ಬೆನ್ನಿನ ಚುಕ್ಕಿ

ನನ್ನ ನಾಲಿಗೆಗೆ ಸ್ವಂತ ದನಿ ಅಂತ ಒಂದಿತ್ತೋ ಇಲ್ಲವೋ, ನನಗೇ ಅನುಮಾನ. ಬಸ್ ಕಂಡಕ್ಟರು, ಹೆಡ್‌ಮಾಸ್ತರು, ಸೀನುವ ಎಮ್ಮೆ, ಎಲ್ಲರೂ ಅದರಲ್ಲಿ ಬಾಡಿಗೆಗಿದ್ದರು. ಕಮಲಾಪುರದಲ್ಲಿ ನನ್ನನ್ನು ಸಾಕಿದ ಚಿಗವ್ವ ಆ ಅಣಕು ಕೇಳಿ ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಅವಳ ಕೆಂಪು ಬಾಳೆಯ ತೋಟದಲ್ಲೊಂದು ಬಾವಿ. ಪ್ರತಿ ಮಳೆಗೂ ದಂಡೆಯ ಮಣ್ಣು ಜಾರಿ ನೀರಿಗೆ ಬೀಳುತ್ತಿತ್ತು. ಜರಿಗಿಡ ಬೇರುಬಿಟ್ಟ ಮೂಲೆ ಮಾತ್ರ ಕದಲುತ್ತಿರಲಿಲ್ಲ. ಚೆಂದಕ್ಕೆಂದು ಕಲಬುರಗಿಯ ರೋಜಾ ಬಡಾವಣೆಯ ನರ್ಸರಿಯಿಂದ ತಂದ ಗಿಡ ಅದು. ಈಗ ದಂಡೆಯ ತುಂಬ ಅದನ್ನೇ ಹಚ್ಚಬೇಕೆಂದು ಅವಳಿಗೆ ಹಟ. ಆದರೆ ಹೂವಿಲ್ಲ, ಕಾಯಿಲ್ಲ, ಬೀಜ ಎಲ್ಲಿಂದ ತರುವುದು?

ಆ ಬೇಸಿಗೆಯಲ್ಲಿ ಎಲೆಗಳ ಬೆನ್ನ ಮೇಲೆ ಸಾಲಾಗಿ ಕಂದು ಚುಕ್ಕಿ ಮೂಡಿದವು. ಒಂದು ಎಲೆ ಕಿತ್ತು ನನ್ನ ಕೈಗಿತ್ತು, "ರೋಜಾದಾಗ ನರ್ಸರಿ ಚಾಚಾಗ ತೋರ್ಸು. ಏನಂತಾರ ಕೇಳ್ಕೊಂಡು ಬಾ" ಎಂದಳು.

ರೋಜಾಕ್ಕೇನೋ ಹೋದೆ. ಗೆಳೆಯರು ಸಿಕ್ಕರು. ಚಹಾದಂಗಡಿಯಲ್ಲಿ ಹತ್ತು ಜನರ ದನಿ ತೆಗೆಯುವಷ್ಟರಲ್ಲಿ ಸಂಜೆಯಾಯಿತು. ಎಲೆ ಜೇಬಿನಲ್ಲೇ ಪುಡಿಯಾಗಿತ್ತು. ಮನೆಗೆ ಬಂದವನೇ ಚಾಚಾನ ಹಾಗೆ ಗಂಟಲು ಸರಿಮಾಡಿಕೊಂಡು ಒಂದು ಉತ್ತರ ಕಟ್ಟಿದೆ: "ಬೀಮಾರಿ ಬಂದೈತ್ರಿ ಅಮ್ಮಾ. ಬುಡಕ್ಕ ಕೊಯ್ದು ಸುಟ್ಟುಬಿಡ್ರಿ."

"ಥೇಟ್ ಅವರ ದನೀನೇ ನೋಡು" ಎಂದು ನಕ್ಕಳು.

ಮರುದಿನ ಹೊಗೆಯ ವಾಸನೆಗೆ ನನಗೆ ಎಚ್ಚರವಾಯಿತು. ಕುಡಗೋಲು ಹಿಡಿದು ಒಬ್ಬಳೇ ಎಲ್ಲವನ್ನೂ ಕೊಯ್ದು, ಬೇರನ್ನೂ ಕಿತ್ತು ಬೆಂಕಿಗೆ ಹಾಕಿ ಮುಗಿಸಿದ್ದಳು. ಚಾಚಾನ ಬಳಿ ಹೋಗೇ ಇಲ್ಲವೆಂದು ಹೇಳಬೇಕಿತ್ತು. ಅಷ್ಟು ದನಿಗಳಿದ್ದವನಿಗೆ ಒಂದೂ ಒದಗಲಿಲ್ಲ.

ವಾರದ ಮೇಲೆ ಹೊಸ ಗಿಡ ತರಲು ಅವಳೇ ಹೊರಟಳು. ನಾನೂ ಹಿಂದೆ ಹೋದೆ. ಚುಕ್ಕಿ ಬಂದದ್ದಕ್ಕೆ ಕೊಯ್ದು ಸುಟ್ಟೆ ಎಂದು ಅವಳು ಹೇಳಿದ್ದೇ ಚಾಚಾ ಕೈಲಿದ್ದ ಕುಂಡ ಕೆಳಗಿಟ್ಟರು.

"ಅದು ಬೀಮಾರಿ ಅಲ್ರಿ ಅಮ್ಮಾ, ಬೀಜ. ಹಸಿ ಇಟ್ಟಂಗಿ ಪುಡಿ ಮ್ಯಾಲ ಉದುರ್ಸಿದ್ರ ದಂಡಿ ತುಂಬ ಸಸಿ ಆಗ್ತಿದ್ವು. ಕೊಯ್ರಿ ಅಂತ ಯಾರ್ ಹೇಳಿದ್ರು ನಿಮಗ?"

ಚಿಗವ್ವ ನನ್ನ ಕಡೆ ನೋಡಲಿಲ್ಲ. "ನಾನೇ ತಪ್ಪು ಕೇಳಿಸ್ಕೊಂಡೀನ್ರಿ" ಎಂದಳು.

ಹೊಸ ಗಿಡ ಬೇರುಬಿಡುವ ಮೊದಲೇ, ಆ ಮಳೆಗಾಲದಲ್ಲಿ ಜರಿಗಿಡವಿದ್ದ ಮೂಲೆಯೂ ಬಾವಿಗೆ ಕುಸಿಯಿತು. ಬುಟ್ಟಿಯಲ್ಲಿ ಕೆಸರು ಹೊರುವಾಗ, ಅವಳು ನಗಲೆಂದು ನನ್ನನ್ನೇ ನಾನು ಅಣಕಿಸಿಕೊಂಡೆ. ಅವಳು ಬುಟ್ಟಿ ಎತ್ತಿಕೊಂಡು ಆಚೆ ನಡೆದಳು.

ಅಂದಿನಿಂದ ಮೊಣಕಾಲು ನೋವಿನಲ್ಲೂ ಪಟ್ಟಣದ ಕೆಲಸಕ್ಕೆ ತಾನೇ ಬಸ್ ಹತ್ತುತ್ತಿದ್ದಳು. "ನಾ ಹೋಗಿ ಬರ್ತೀನಿ ಚಿಗವ್ವಾ" ಎಂದರೆ, ಸಿಟ್ಟಿಲ್ಲದೆ ಹೇಳುತ್ತಿದ್ದಳು: "ಬ್ಯಾಡಪ್ಪಾ, ನಾನೇ ಕೇಳ್ಕೊಂಡು ಬರ್ತೀನಿ."