ಕೆಂಪಿಗೆ ಏರಿದ ಮುಳ್ಳು

ನಮ್ಮ ಮಾವ ಕೃಷ್ಣಪ್ಪನವರಷ್ಟು ಪುಕ್ಕಲು ಮನುಷ್ಯರನ್ನು ನಾನು ತವರಿನಲ್ಲೂ ಕಂಡಿರಲಿಲ್ಲ, ನೆಮ್ಮಾರಿನ ಈ ಮನೆಗೆ ಸೊಸೆಯಾಗಿ ಬಂದ ಮೇಲೂ ಇನ್ನೊಬ್ಬರನ್ನು ಕಂಡಿಲ್ಲ. ಗುಡುಗಿದರೆ ಟಿವಿಯ ವಯರು, ಫೋನಿನ ವಯರು, ಸಾಲದ್ದಕ್ಕೆ ರೇಡಿಯೋದ ಸೆಲ್ಲನ್ನೂ ಕಿತ್ತಿಡುವವರು ಅವರು. ತಾಲ್ಲೂಕು ಕಚೇರಿಯ ಜವಾನ ನಾಳೆ ಬನ್ನಿ ಅಂದರೆ ಸಾಕು, ತನ್ನಿಂದ ಎಂಥದೋ ಅಪರಾಧ ಆಗಿಹೋಗಿದೆ ಎಂದು ಊಟ ಬಿಡುತ್ತಿದ್ದರು. ಅತ್ತೆ ಸರೋಜ ಇದಕ್ಕೆಲ್ಲ ನಗುತ್ತಿದ್ದರು. ನನಗೆ ಅಷ್ಟು ತಾಳ್ಮೆ ಇರಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು.

ಅಂಥ ಮನುಷ್ಯ ವಯಸ್ಸಾದ ಮೇಲೆ ಕಾರು ಓಡಿಸಲು ಕಲಿತದ್ದು ನನ್ನಿಂದಾಗಿ. ನನಗೆ ತಾಯಿ ಇರಲಿಲ್ಲವಾದ್ದರಿಂದ ಮೊದಲ ಬಾಣಂತನವೂ ಗಂಡನ ಮನೆಯಲ್ಲೇ ಆಗಬೇಕಾಯಿತು. ನೋವು ಶುರುವಾದ ದಿನ ಜೀಪು ಹುಡುಕಿ ತರುವಷ್ಟರಲ್ಲಿ ಅರ್ಧ ಹಗಲು ಕಳೆದಿತ್ತು. ಕೊಪ್ಪದ ಆಸ್ಪತ್ರೆಯಲ್ಲಿ ಚೈತ್ರ ಹುಟ್ಟಿದಳು, ಆದರೆ ನನಗೆ ರಕ್ತ ನಿಲ್ಲಲಿಲ್ಲ. ಹೇಗೋ ಉಳಿದೆ. ಮನೆಗೆ ಹೊರಟ ದಿನ ಅಲ್ಲಿನ ಡಾಕ್ಟರಮ್ಮ ಮಾವನನ್ನು ಎದುರಿಗೆ ನಿಲ್ಲಿಸಿಕೊಂಡು, ಮುಂದಿನ ಸಲ ಜೀಪಿಗೆ ಕಾಯುತ್ತ ಕೂತರೆ ಈ ಹುಡುಗಿ ಉಳಿಯುವುದಿಲ್ಲ ಎಂದು ಗದರಿದರು. ಮಾವ ಗೋಡೆಗೆ ಒರಗಿ ನಿಂತದ್ದು ನನಗೆ ನೆನಪಿದೆ. ಮರುವರ್ಷವೇ ಕೊಪ್ಪದ ಅಡಿಕೆ ವ್ಯಾಪಾರಿಯೊಬ್ಬರ ಹಳೆಯ ಬಿಳಿ ಡೀಸೆಲ್ ಕಾರು ನಮ್ಮ ಅಂಗಳಕ್ಕೆ ಬಂತು.

ನನ್ನ ಗಂಡ ಪ್ರದೀಪ ನರಸಿಂಹರಾಜಪುರದಲ್ಲಿ ಲೈನ್‌ಮನ್, ಮನೆಗೆ ಬರುವುದು ಭಾನುವಾರ ಮಾತ್ರ. ಹಾಗಾಗಿ ಕಾರು ಕಲಿಯುವ ಕೆಲಸ ಮಾವನ ಕೊರಳಿಗೇ ಬಿತ್ತು. ಕೊಯ್ಲಾದ ಗದ್ದೆಯಲ್ಲಿ ಸುತ್ತಿ ಸುತ್ತಿ ಕಲಿತರು. ರಸ್ತೆಗಿಳಿದ ಮೇಲೂ ನಾಲ್ಕನೇ ಗೇರು ಹಾಕಿದ್ದನ್ನು ನಾನು ಕಾಣೆ. ಅವರ ಕಣ್ಣು ರಸ್ತೆಗಿಂತ ಹೆಚ್ಚಾಗಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳಿನ ಮೇಲಿರುತ್ತಿತ್ತು. ಆ ಮುಳ್ಳು ಕೂದಲೆಳೆಯಷ್ಟು ಆಚೆ ಹೋದರೂ ಕಾರು ಪಕ್ಕಕ್ಕೆ ನಿಲ್ಲುತ್ತಿತ್ತು, ನಾವು ಇಳಿಯಬೇಕಾಗುತ್ತಿತ್ತು.

2006ರ ಡಿಸೆಂಬರಿನಲ್ಲಿ ನನಗೆ ಮತ್ತೆ ತಿಂಗಳು ತುಂಬುತ್ತ ಬಂತು. ಶೃಂಗೇರಿಯಲ್ಲೂ ಆಸ್ಪತ್ರೆ ಇತ್ತು. ಆದರೆ ನನ್ನ ಗುಂಪಿನ ರಕ್ತ ಕೊಡುವವರನ್ನು ಮೊದಲೇ ಗೊತ್ತು ಮಾಡಿಟ್ಟುಕೊಂಡಿದ್ದವರು ಕೊಪ್ಪದ ಡಾಕ್ಟರಮ್ಮ. ಸೋಮವಾರ ಬಂದು ಸೇರಿಕೊಳ್ಳಿ, ಅದಕ್ಕೂ ಮುಂಚೆ ನೋವು ಬಂದರೆ ಆ ಗಳಿಗೆಯಲ್ಲೇ ಹೊರಡಿ ಎಂದಿದ್ದರು. ಅದನ್ನು ಕೇಳಿಕೊಂಡು ವಾಪಸು ಬರುವಾಗಲೇ, ಹರಿಹರಪುರ ದಾಟಿದ ಏರಿನಲ್ಲಿ, ಮುಳ್ಳು ಕೆಂಪಿಗೆ ಏರಿತು.

ಬಾನೆಟ್ಟಿನ ಸಂದಿಯಿಂದ ಹಬೆ ನುಗ್ಗುತ್ತಿತ್ತು. ಮಾವ ನನ್ನನ್ನೂ ಅತ್ತೆಯನ್ನೂ ಇಳಿಸಿ, ಕಾರು ಈಗಲೇ ಸಿಡಿಯುತ್ತದೆ ಎಂಬಂತೆ ಬಹಳ ದೂರ ನಿಲ್ಲಿಸಿದರು. ಹೊಟ್ಟೆ ಹೊತ್ತುಕೊಂಡು ನಾನು ಮೈಲಿಗಲ್ಲಿನ ಮೇಲೆ ಕುಳಿತೆ. ಇಂಜಿನ್ನು ಪೂರ್ತಿ ತಣಿಯುವವರೆಗೂ ಅವರು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಚ್ಚಲಿಲ್ಲ. ಹಚ್ಚುವಾಗಲೂ ಒದ್ದೆ ಗೋಣಿ ಹಾಕಿ ಮುಖ ತಿರುಗಿಸಿಕೊಂಡು ಹಚ್ಚಿದರು. ಹೊಯ್ದದ್ದರಲ್ಲಿ ಅರ್ಧ ನೀರು ನೆಲದ ಪಾಲಾಯಿತು. ಯಾವಾಗಲೂ ಆಡಿಕೊಳ್ಳುತ್ತಿದ್ದ ನನಗೂ ಅವತ್ತು ಹೆದರಿಕೆಯಾಗಿತ್ತು.

ಮನೆ ಸೇರಿದ ಕೂಡಲೇ ಮಾವ ಶೃಂಗೇರಿಯ ಮೆಕ್ಯಾನಿಕ್ ಚಂದ್ರಶೇಖರನಿಗೆ ಫೋನು ಹಚ್ಚಿದರು. ಮಾಲೆ ಹಾಕಿದ್ದ ಆತ ಅವತ್ತೇ ಶಬರಿಮಲೆಗೆ ಹೊರಟು ನಿಂತಿದ್ದ. ನಮ್ಮೂರಿನ ಒಂದೇ ಒಂದು ಜೀಪೂ ಅದೇ ಸ್ವಾಮಿಗಳನ್ನು ಹೊತ್ತುಕೊಂಡು ಹೊರಟಿತ್ತು. ಏನೇನು ನೋಡಬೇಕು ಎಂದು ಚಂದ್ರಶೇಖರ ಫೋನಿನಲ್ಲೇ ಹೇಳುತ್ತ ಹೋದ. ಮಾವ ಒಂದೊಂದನ್ನೂ ಗಟ್ಟಿಯಾಗಿ ತಿರುಗಿ ಹೇಳಿ ಬಾಯಿಪಾಠ ಮಾಡಿಕೊಂಡರು. ಕೊನೆಯಲ್ಲಿ ಆತ ಏನೋ ಕೇಳಿರಬೇಕು. ಮಾವನ ಉತ್ತರ ಮಾತ್ರ ಅಡಿಗೆಮನೆಗೆ ಕೇಳಿಸಿತು.

"ಇಲ್ಲ ಇಲ್ಲ. ರೇಡಿಯೇಟರಿಗೆ ನೀರು ಬಿಟ್ರೆ ಬೇರೆ ಎಂತ ಹಾಕ್ತಾರೆ ಮಾರಾಯ?"

ಸೋಮವಾರಕ್ಕೆ ಶೃಂಗೇರಿಯ ಟ್ಯಾಕ್ಸಿಯೊಂದನ್ನು ಪ್ರದೀಪ ಗೊತ್ತು ಮಾಡಿದರು. ಅಲ್ಲಿಯವರೆಗೆ ಏನೂ ಆಗದಿದ್ದರೆ ಸರಿ. ಆದರೆ ಏನೂ ಆಗುವುದಿಲ್ಲ ಎಂದು ನಂಬಿ ಕೂರುವ ಜಾಯಮಾನ ಮಾವನದ್ದಲ್ಲ. ಮರುದಿನ ಬೆಳಿಗ್ಗೆಯೇ ಅಂಗಳದಲ್ಲಿ ಬಾನೆಟ್ಟು ತೆರೆದುಕೊಂಡಿತು.

ಮೊದಲು ಫ್ಯಾನ್ ಬೆಲ್ಟನ್ನು ಬೆರಳಿನಿಂದ ಒತ್ತಿ ನೋಡಿದರು, ಬಿಗಿಯಾಗಿಯೇ ಇತ್ತು. ರೇಡಿಯೇಟರಿನ ಮುಂಭಾಗದ ಜಾಲರಿಯಲ್ಲಿ ಸಿಕ್ಕಿಕೊಂಡಿದ್ದ ಹುಳುಹುಪ್ಪಟೆ, ಧೂಳನ್ನೆಲ್ಲ ನೀರು ಬಿಟ್ಟು ತೊಳೆದರು. ಕಾರು ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಮುಳ್ಳು ಮತ್ತೆ ಮೇಲಕ್ಕೇ ಹೊರಟಿತು. ಆಮೇಲೆ ಥರ್ಮೋಸ್ಟಾಟ್ ಎಂಬ ಪುಟ್ಟ ಬಿಲ್ಲೆಯನ್ನು ಬಿಚ್ಚಿ ಅಡಿಗೆಮನೆಗೆ ತಂದರು. ಬಿಸಿಯಾದಾಗ ಬಾಯಿ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವುದು ಅದರ ಕೆಲಸವಂತೆ. ಅತ್ತೆಯ ಸಾರಿನ ಪಾತ್ರೆಯಲ್ಲಿ ನೀರು ಕುದಿಸಿ ಅದನ್ನು ಮುಳುಗಿಸಿ ನಾವು ಮೂವರೂ ಬಗ್ಗಿ ನೋಡುತ್ತ ನಿಂತೆವು. ಅದು ಮೆಲ್ಲಗೆ ಬಾಯಿ ತೆರೆಯಿತು. ಅದಕ್ಕೇನೂ ಆಗಿಲ್ಲ ಎಂದು ತಿಳಿದು ಮಾವನ ಮುಖ ಇನ್ನಷ್ಟು ಬಿಳುಚಿಕೊಂಡಿತು. ಅದೇ ಕೆಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೂ ಅನ್ನಿಸಿತು.

ಇಂಜಿನ್ನೊಳಗಿನ ಹೆಡ್ ಗ್ಯಾಸ್ಕೆಟ್ ಎಂಬ ತೆಳುಹಾಳೆ ಹೋಗಿದ್ದರೆ ಮನೆಯಲ್ಲಿ ಯಾರೂ ಏನೂ ಮಾಡುವ ಹಾಗಿಲ್ಲ ಎಂದು ಚಂದ್ರಶೇಖರ ಮೊದಲೇ ಎಚ್ಚರಿಸಿದ್ದ. ತಣ್ಣಗಿರುವಾಗ ಮುಚ್ಚಳ ತೆಗೆದು ಇಂಜಿನ್ ಚಾಲೂ ಮಾಡಿ, ನೀರಿನಲ್ಲಿ ಗುಳ್ಳೆ ಬರುತ್ತದೆಯೇ ನೋಡಬೇಕಂತೆ. ಗುಳ್ಳೆ ಎದ್ದರೆ ಕಥೆ ಮುಗಿದ ಹಾಗೆ. ಸ್ಟಾರ್ಟ್ ಮಾಡಿದ್ದು ಅತ್ತೆ. ಮಾವ ರೇಡಿಯೇಟರಿನ ಬಾಯಿಗೆ ಬಗ್ಗಿ ಉಸಿರು ಬಿಗಿಹಿಡಿದು ನಿಂತಿದ್ದರು. ಗುಳ್ಳೆ ಬರಲಿಲ್ಲ. ಅವರು ಬಚ್ಚಲ ಕಟ್ಟೆಯ ಮೇಲೆ ಕುಳಿತು ಒಂದು ಚೊಂಬು ನೀರು ಕುಡಿದರು.

ಅಷ್ಟರಲ್ಲಿ ಶುಕ್ರವಾರ ಸಂಜೆಯಾಗಿತ್ತು, ಮನೆಯ ಫೋನೂ ಸತ್ತಿತ್ತು. ಹೊಟ್ಟೆಯೊಳಗಿನ ಮಗು ಒದ್ದಾಗಲೆಲ್ಲ ನೋವು ಶುರುವಾಯಿತೇ ಎಂದು ಕಾಯುತ್ತಿದ್ದೆ. ನನಗೆ ಸಾಯುವ ಭಯವಿತ್ತು, ಇದರಲ್ಲಿ ಮುಚ್ಚುಮರೆ ಏನು? ಚೈತ್ರ ತಬ್ಬಿಕೊಂಡು ಮಲಗಿದರೆ ಅವಳ ಜಡೆ ಹಾಕುವವರು ಯಾರು ಎಂಬಂಥ ಯೋಚನೆಗಳು ಬರುತ್ತಿದ್ದವು.

ಶನಿವಾರ ಬೆಳಿಗ್ಗೆ ಮಾವ ಇಂಜಿನ್ ಬಿಸಿ ಮಾಡಿ, ಆರಿಸಿ, ರೇಡಿಯೇಟರನ್ನು ಅಂಗೈಯಿಂದ ಸವರುತ್ತ ಬಂದರು. ಮೇಲ್ಭಾಗ ಕೈ ಇಡಲಾಗದಷ್ಟು ಸುಡುತ್ತಿತ್ತು, ಕೆಳಗಿನ ಅರ್ಧ ತಣ್ಣಗೆ ಕಲ್ಲಿನಂತಿತ್ತು. ಒಳಗಿನ ಕೊಳವೆಗಳು ಕಟ್ಟಿಕೊಂಡಿವೆ ಎಂದು ನನಗೂ ಅರ್ಥವಾಯಿತು. ಅದನ್ನು ಬಿಚ್ಚಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೋರಲು ಇಟ್ಟು, ಗುಡ್ಡದಿಂದ ಇಳಿಯುವ ಪೈಪಿನ ನೀರನ್ನು ಕೆಳಬಾಯಿಗೆ ಹಿಡಿದರು. ಕೆಂಗಪ್ಪು ನೀರು ಸುರಿಯಿತು. ತುಕ್ಕು, ತುಕ್ಕು ಎಂದು ಮಾವ ಎರಡೆರಡು ಸಲ ಹೇಳಿದರು.

ಅತ್ತೆ ಪಕ್ಕದಲ್ಲೇ ಅಡಿಕೆ ಬೇಯಿಸುವ ಒಲೆಗೆ ಸೌದೆ ಒಡ್ಡುತ್ತಿದ್ದರು. ಎದ್ದು ಬಂದು ಕಲ್ಲಿನ ಮೇಲಿನ ನೀರನ್ನು ಬೆರಳಲ್ಲಿ ಉಜ್ಜಿ ನೋಡಿದರು. ನಾಲಿಗೆಯ ತುದಿಗೂ ಮುಟ್ಟಿಸಿ ಉಗಿದರು.

"ತುಕ್ಕಲ್ಲ ಮಾರಾಯ್ರೆ, ಚೊಗರು," ಅಂದರು.

ಅಡಿಕೆ ಬೇಯಿಸಿ ಬೇಯಿಸಿ ಹಂಡೆಯಲ್ಲಿ ಉಳಿಯುವ ಒಗರು ರಸವೇ ಚೊಗರು. ಅಡಿಕೆಗೆ ಬಣ್ಣ ಬರುವುದು ಅದರಿಂದ. ಗಟ್ಟಿಯಾಗಿ ಕಾಯಿಸಿದರೆ ಅಂಟಿನಂತೆ ಹಿಡಿದುಕೊಳ್ಳುತ್ತದೆ. ಹೋದ ವರ್ಷ ಹಂಡೆಯ ಅಂಚು ಸೋರಿದಾಗ ಮಾವ ಅದನ್ನೇ ಮೆತ್ತಿ ನಿಲ್ಲಿಸಿದ್ದರು. ನಾನು ಅವರ ಮುಖ ನೋಡಿದೆ. ಅವರು ಪೈಪನ್ನು ನೋಡುತ್ತಿದ್ದರು.

"ಕಾರಿನಡಿ ನೀರು ತೊಟ್ಟಿಕ್ತಾ ಇತ್ತು," ಅಂದರು. "ಗ್ಯಾರೇಜಿಗೆ ಬಿಟ್ರೆ ವಾರ ಇಟ್ಕಳ್ತಾರೆ. ಅಷ್ಟೊತ್ತಿಗೆ ನಿಂಗೆ ನೋವು ಬಂದ್ರೆ? ಅದಕ್ಕೇ ಚೊಗರು ಹಾಕಿದೆ ಭವ್ಯಾ. ಸೋರೋದು ನಿಂತಿತ್ತು."

ಹೇಳಿದರೆ ನಾವು ಹೆದರುತ್ತೇವೆ ಎಂದು ಹೇಳಿರಲಿಲ್ಲವಂತೆ. ಗೊತ್ತಿದ್ದೂ ಗೊತ್ತಿದ್ದೂ, ತಪ್ಪು ಬೇರೆಲ್ಲಾದರೂ ಇರಲಿ ದೇವರೇ ಎಂದು ಬೆಲ್ಟು, ಬಿಲ್ಲೆ, ಗುಳ್ಳೆಗಳನ್ನೆಲ್ಲ ಹುಡುಕಿ, ರೇಡಿಯೇಟರನ್ನು ಕೊನೆಗೆ ಉಳಿಸಿಕೊಂಡಿದ್ದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬಾಯಿಗೆ ಬಂದದ್ದು ಅಂದುಬಿಡಬೇಕು ಎಂದು ಎದ್ದೆ. ಎದ್ದವಳಿಗೆ ಸೊಂಟದಿಂದ ನೋವು ಹಿಡಿದು ಕಂಬ ತಬ್ಬಿ ನಿಂತುಬಿಟ್ಟೆ.

ಅತ್ತೆ ನನ್ನನ್ನು ಹಿಡಿದುಕೊಂಡರು. ರೇಡಿಯೇಟರು ಕಲ್ಲಿನ ಮೇಲೆ, ಕಾರು ಬಾಯಿ ತೆರೆದುಕೊಂಡು ಅಂಗಳದಲ್ಲಿ. ಮಾವ ನಿಂತಲ್ಲೇ ನಿಂತಿದ್ದರು. ನನ್ನ ಜೀವ ಇವರ ಕೈಯಲ್ಲಿದೆಯಲ್ಲ ಎಂಬುದೇ ಹೊಟ್ಟೆಯ ನೋವಿಗಿಂತ ಹೆಚ್ಚು ಹಿಂಡಿತು. ಅತ್ತೆ ಒಲೆಯ ಮೇಲಿನ ಬಿಸಿನೀರಿಗೆ ಬಟ್ಟೆಸೋಡ ಸುರಿದು, ಹಂಡೆಗೆ ಕಚ್ಚಿದ ಚೊಗರನ್ನು ತಾನು ಬಿಡಿಸುವುದು ಇದರಲ್ಲೇ, ಹೊಯ್ಯಿರಿ ಎಂದು ಕೂಗಿದಾಗ ಮಾವ ಕದಲಿದರು.

ಸೋಡದ ನೀರು ಹೊಯ್ದು ಅಲುಗಿಸಿ ಚೆಲ್ಲುವುದು, ಪೈಪು ಹಿಡಿಯುವುದು, ಮತ್ತೆ ಹೊಯ್ಯುವುದು. ಹೆಪ್ಪುಗಟ್ಟಿದ ಚೂರುಗಳು ಬಂದವು, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು. ಕೊಳವೆಗಳು ಬಿಟ್ಟುಕೊಂಡವು. ಜೊತೆಗೆ, ಚೊಗರು ಮುಚ್ಚಿದ್ದ ಮೂಲೆಯಿಂದ ನೀರು ಮತ್ತೆ ತೊಟ್ಟಿಕ್ಕತೊಡಗಿತು.

ಮಾವ ರೇಡಿಯೇಟರು ಕೂರಿಸಿದರು. ಸ್ಪ್ಯಾನರು ಎರಡು ಸಲ ಕೈಜಾರಿ ಬಿತ್ತು. ಆದರೆ ಒಂದೊಂದು ಕ್ಲಿಪ್ಪನ್ನೂ ಬಿಗಿದು, ಎಳೆದು ನೋಡಿ, ಮತ್ತೆ ಬಿಗಿದರು. ಬಿಸಿ ಇಂಜಿನ್ನಿಗೆ ತಣ್ಣೀರು ಬಿದ್ದರೆ ಹೆಡ್ಡು ಸೀಳಬಹುದು ಎಂದು ಬಚ್ಚಲ ಹಂಡೆಯ ಬಿಸಿನೀರನ್ನೇ ಕ್ಯಾನುಗಳಿಗೆ ತುಂಬಿ ಗೋಣಿ ಸುತ್ತಿ ಡಿಕ್ಕಿಗೆ ಇಟ್ಟರು. ಒಳಗೆ ಒತ್ತಡ ಏರಿದರೆ ಸೋರುವುದು ಹೆಚ್ಚಾಗುತ್ತದೆಂದು ರೇಡಿಯೇಟರಿನ ಮುಚ್ಚಳವನ್ನು ಪೂರ್ತಿ ಬಿಗಿಯದೆ ಸಡಿಲವಾಗಿ ಕೂರಿಸಿದರು. ಇಷ್ಟು ಮುಂದಾಲೋಚನೆ ಧೈರ್ಯಸ್ಥರಿಗೆ ಬರುತ್ತಿತ್ತೋ ಇಲ್ಲವೋ, ನನಗೆ ಅನುಮಾನ. ಚೈತ್ರಳನ್ನು ಪಕ್ಕದ ಮನೆಯ ಸಣ್ಣಕ್ಕನ ಕೈಗೆ ಕೊಟ್ಟು ಹೊರಟೆವು.

ದಾರಿಯಲ್ಲಿ ನನಗೆ ಕಂಡದ್ದು ಆ ಮುಳ್ಳು ಮಾತ್ರ. ನೋವು ಬಂದಾಗ ಕಣ್ಣು ಮುಚ್ಚುತ್ತಿದ್ದೆ, ತೆರೆದಾಗ ಮೊದಲು ಅದನ್ನೇ ನೋಡುತ್ತಿದ್ದೆ. ಅದು ಮಧ್ಯ ದಾಟಿದರೆ ಮಾವ ನಿಲ್ಲಿಸಿ, ಇಂಜಿನ್ ಆರಿಸದೆ, ಒದ್ದೆ ಗೋಣಿ ಹಾಕಿ ಮುಚ್ಚಳ ತೆಗೆದು ಬಿಸಿನೀರು ಹೊಯ್ಯುತ್ತಿದ್ದರು. ಮುಖ ತಿರುಗಿಸಲಿಲ್ಲ, ಹಬೆ ಮುಖಕ್ಕೇ ಹೊಡೆಯುತ್ತಿತ್ತು. ಶೃಂಗೇರಿ ಪೇಟೆಯಲ್ಲಿ ಬೇರೆ ಗಾಡಿ ಹುಡುಕೋಣವೇ ಎಂದು ಅತ್ತೆ ಕೇಳಿದರು. ಹುಡುಕುತ್ತ ಕೂತೇ ಹೋದ ಸಲ ಹಾಗಾಯಿತು ಎಂದು ಹೇಳಿ ಮಾವ ನಿಲ್ಲಿಸಲಿಲ್ಲ. ಹರಿಹರಪುರದ ಹತ್ತಿರ ನಾನು ಪೂರ್ತಿ ಸೋತುಹೋದೆ. ಚೈತ್ರಳ ಹೆಸರು ಹೇಳಿ ಅಳತೊಡಗಿದೆ. ಅವರು ಹಿಂದೆ ತಿರುಗಿ ನೋಡದೆ ಮೂರರಿಂದ ನಾಲ್ಕಕ್ಕೆ ಗೇರು ಹಾಕಿದರು.

ಕೊಪ್ಪದ ಆಸ್ಪತ್ರೆಯಲ್ಲಿ ಮಧ್ಯಾಹ್ನಕ್ಕೆ ಮಗ ಹುಟ್ಟಿದ. ಹೆದರಿದಂತೆಯೇ ಮತ್ತೆ ರಕ್ತ ಹೋಗತೊಡಗಿತು. ಆದರೆ ಈ ಸಲ ರಕ್ತದ ಬಾಟಲಿ ಸಿದ್ಧವಿತ್ತು, ಕೈಗಳು ಸಿದ್ಧವಿದ್ದವು, ಸಮಯವೂ ಇತ್ತು. ಸಂಜೆಗೆ ನನಗೆ ಚೆನ್ನಾಗಿ ಎಚ್ಚರವಾದಾಗ ನರಸಿಂಹರಾಜಪುರದಿಂದ ಬಂದ ಪ್ರದೀಪ ಮಗುವನ್ನು ಎತ್ತಿಕೊಂಡು ನಿಂತಿದ್ದರು. ಅತ್ತೆ ಇದ್ದರು. ಮಾವ ಇರಲಿಲ್ಲ.

ಮಧ್ಯಾಹ್ನದಿಂದ ಕರೆದರೂ ಅವರು ಒಳಗೆ ಬಂದಿಲ್ಲ ಎಂದು ಅತ್ತೆ ಹೇಳಿದರು. ನನ್ನನ್ನು ಶಿವಮೊಗ್ಗಕ್ಕೆ ಕರೆದೊಯ್ಯಬೇಕಾದರೂ ಆದೀತು ಎಂದು ಯಾರೋ ನರ್ಸು ಅಂದದ್ದು ಅವರ ಕಿವಿಗೆ ಬಿದ್ದಿತ್ತಂತೆ. ಮಂಚದ ಪಕ್ಕದ ಕಿಟಕಿಯಿಂದ ನೋಡಿದೆ. ಕಾರಿನ ಮೂತಿ ರಸ್ತೆಯ ಕಡೆಗಿತ್ತು, ಬಾನೆಟ್ಟು ತೆರೆದಿತ್ತು. ಮಾವ ಬಕೆಟ್ಟು ಹಿಡಿದುಕೊಂಡು ತೊಟ್ಟಿಕ್ಕಿದಷ್ಟನ್ನೂ ತುಂಬಿಸುತ್ತ ನಿಂತಿದ್ದರು. ಊಟವನ್ನೂ ಮಾಡಿರಲಿಲ್ಲವಂತೆ.

ಬೆಳಿಗ್ಗೆ ಬಾಯಲ್ಲಿ ಉಳಿದಿದ್ದ ಬೈಗುಳವೆಲ್ಲ ಎಲ್ಲಿ ಹೋಯಿತೋ ತಿಳಿಯದು. ನನ್ನಲ್ಲಿದ್ದ ಶಕ್ತಿಯನ್ನೆಲ್ಲ ಕೂಡಿಸಿ ಮಾವಾ ಎಂದು ಕರೆದೆ. ಅವರು ಬಕೆಟ್ಟು ಹಿಡಿದೇ ಕಿಟಕಿಯ ಹತ್ತಿರ ಬಂದರು. ಕೈಗಳು ಮೊಣಕೈಯವರೆಗೆ ಚೊಗರಿನ ಕೆಂಪಾಗಿದ್ದವು, ಹಬೆ ಬಡಿದ ಮುಖವೂ ಕೆಂಪಾಗಿತ್ತು. ಗಂಡೋ ಹೆಣ್ಣೋ ಅವರು ಕೇಳಲಿಲ್ಲ.

"ರಕ್ತ ನಿಂತಿದ್ಯಾ ಮಗಾ?" ಅಂದರು.

"ನಿಂತಿದೆ ಮಾವ. ಇನ್ನು ನೀರು ಹಾಕೋದು ಬೇಡ, ಒಳಗೆ ಬನ್ನಿ."

ಅವರು ಬಕೆಟ್ಟನ್ನು ಕೆಳಗಿಟ್ಟು, ಅದರ ಪಕ್ಕದಲ್ಲೇ ನೆಲದ ಮೇಲೆ ಕುಳಿತುಬಿಟ್ಟರು.